ಅತ್ತಿಗೆಯ ನಿವೃತ್ತಿ

ಠಾಣೆ ಶಹರದಾಚೆಯ ದಿವಾದಲ್ಲಿ ಒಂದು ಕೋಣೆಗೆ ಬಾಡಿಗೆ ಆರೂವರೆ ಸಾವಿರ. ನೀರು ಬಂದರೂ ಆರೂವರೆ, ಬಾರದಿದ್ದರೂ ಆರೂವರೆ. ಘನ್ಸೋಲಿವರೆಗಿನ ರೈಲಿನ ಪಾಸಿಗೆ ಇನ್ನೂರ ಹದಿನೈದು. ಸ್ಟೇಷನ್ನಿನಿಂದ ಮಹಾಪೆಯ ಕಂಪನಿ ಗೇಟಿಗೆ ಶೇರ್ ರಿಕ್ಷಾ ಹೋಗುವಾಗ ಇಪ್ಪತ್ತು, ಬರುವಾಗ ಇಪ್ಪತ್ತು. ಇದೆಲ್ಲ ತನ್ನ ಹೆಸರಿನಲ್ಲಿ ಕೆಲಸಕ್ಕೆ ಹೋಗುವವರ ಖರ್ಚು. ಇನ್ನೊಬ್ಬಳ ಹೆಸರಿನಲ್ಲಿ ಹೋಗುವುದಾದರೆ ಅದರ ಮೇಲೆ ಇನ್ನಷ್ಟು ಬೀಳುತ್ತದೆ. ಅಕ್ಕುವಿಗೆ ಬಿದ್ದದ್ದು ಇಷ್ಟು: ಮೂಗು ಚುಚ್ಚಲು ಕಳವಾ ಸ್ಟೇಷನ್ನಿನ ಬಳಿಯ ಅಕ್ಕಸಾಲಿಗೆ ಎಂಬತ್ತು, ಬಿಳಿ ಕಲ್ಲಿನ ಮೂಗುತಿಗೆ ಮುನ್ನೂರೈವತ್ತು, ಕೀವು ಕಟ್ಟಿದಾಗ ಡಾಕ್ಟರಿಗೆ ನೂರೈವತ್ತು. ಗುರುತಿನ ಕಾರ್ಡಿನ ಫೋಟೋದಲ್ಲಿ ಅತ್ತಿಗೆಗೆ ಮೂಗುತಿ ಇತ್ತು. ಅಕ್ಕುವಿಗೆ ಇರಲಿಲ್ಲ. ಕಾರ್ಡನ್ನು ಬದಲಿಸುವುದಕ್ಕಿಂತ ಮೂಗು ಚುಚ್ಚುವುದು ಸಲೀಸು ಎಂದು ಎಲ್ಲರೂ ತೀರ್ಮಾನಿಸಿದರು. ಮೂಗು ಅವರದಾಗಿರಲಿಲ್ಲ.

ಅತ್ತಿಗೆ ಎಂದರೆ ಅಕ್ಕುವಿನ ಗಂಡ ದಯಾನಂದನ ಅಕ್ಕ, ಪ್ರಫುಲ್ಲಾ.

ಪಡುಬಿದ್ರಿ, ಮುಲ್ಕಿ ಕಡೆಯಿಂದ ಬಂದು ಇಲ್ಲಿ ಹೋಟೆಲು ಕೆಲಸ ಹಿಡಿದವರಲ್ಲಿ ಒಂದು ಪದ್ಧತಿ ಇದೆ. ಊರಿಗೆ ಹೋಗುವವನು ಕೆಲಸ ಬಿಟ್ಟು ಹೋಗುವುದಿಲ್ಲ. ತನ್ನ ಜಾಗದಲ್ಲಿ ಒಬ್ಬನನ್ನು ನಿಲ್ಲಿಸಿ ಹೋಗುತ್ತಾನೆ. ತಮ್ಮನೋ, ಭಾವನೋ, ಯಾರೋ ಒಬ್ಬ. ಅವನಿಗೆ ಬದಲಿ ಎಂದು ಹೆಸರು. ಮಳೆಗಾಲ ಮುಗಿಸಿ ಮೊದಲಿನವನು ಬಂದರೆ ಬದಲಿಯವನು ಎಪ್ರನ್ ಬಿಚ್ಚಿ ಕೊಟ್ಟು ಬೇರೆ ಕಡೆ ನೋಡಿಕೊಳ್ಳುತ್ತಾನೆ. ಸಣ್ಣ ಹೋಟೆಲಿನಲ್ಲಿ ಇದು ನಡೆಯುತ್ತದೆ, ಯಾಕೆಂದರೆ ಗಲ್ಲೆಯಲ್ಲಿ ಕೂತ ಧಣಿಗೆ ಇಬ್ಬರ ಮುಖವೂ ಗೊತ್ತು. ಕಂಪನಿಗೆ ಮುಖ ಗೊತ್ತಿರುವುದಿಲ್ಲ. ಅದಕ್ಕೆ ನಂಬರು ಗೊತ್ತು. ನಮ್ಮವರು ಮಾಡಿದ ತಪ್ಪು ಇದೇ. ಹೋಟೆಲಿನ ಪದ್ಧತಿಯನ್ನು ಕಂಪನಿಯ ಗೇಟಿನೊಳಗೆ ಒಯ್ದರು.

ಆ ಕಂಪನಿಯಲ್ಲಿ ಮೊದಲು ಕ್ಯಾಂಟೀನನ್ನು ಕಂಪನಿಯೇ ನಡೆಸುತ್ತಿತ್ತು. ಆಗ ಸೇರಿದ ನಾಲ್ಕು ಹೆಂಗಸರು ಖಾಯಂ ನೌಕರರು. ಪ್ರಫುಲ್ಲಾ ಅವರಲ್ಲಿ ಒಬ್ಬಳು. ಆಮೇಲೆ ಕ್ಯಾಂಟೀನು ಉಡುಪಿ ಕಡೆಯ ಹಯಗ್ರೀವ ರಾಯರ ಗುತ್ತಿಗೆಗೆ ಹೋಯಿತು. ಹೊಸದಾಗಿ ಬಂದವರೆಲ್ಲ ರಾಯರ ಜನ, ಹಳೆಯ ನಾಲ್ವರು ಮಾತ್ರ ಕಂಪನಿಯ ಜನ. ಹದಿಮೂರು ವರ್ಷಗಳ ಹಿಂದೆ ಪ್ರಫುಲ್ಲಾಳ ಸೊಂಟ ಹಿಡಿಯಿತು. ‘ಎರಡು ತಿಂಗಳು ಊರಲ್ಲಿ ಎಣ್ಣೆ ತಿಕ್ಕಿಸಿಕೊಂಡು ಬರ್ತೇನೆ’ ಎಂದಳು.

‘ಖಾಯಂ ಕಾರ್ಡು ಬಿಡ್ಬಾರ್ದು ಮಾರಾಯ್ತಿ’ ಎಂದರು ರಾಯರು. ‘ಈ ಕಾಲದಲ್ಲಿ ಅದು ಬಂಗಾರದ ತಗಡು. ನಿನ್ನ ತಮ್ಮನ ಹೆಂಡ್ತಿ ಉಂಟಲ್ಲ, ಅವಳು ಬರ್ಲಿ. ಕಂಪನಿಯವ್ರನ್ನು ನಾನು ನೋಡಿಕೊಳ್ತೇನೆ. ನಾವೇನು ಹೊರಗಿನವ್ರಾ?’

ಎರಡು ತಿಂಗಳು ಆರು ವರ್ಷವಾಯಿತು. ಏಳನೆಯ ವರ್ಷ ಪ್ರಫುಲ್ಲಾ ಕಾಮಾಲೆಯಾಗಿ ಊರಲ್ಲೇ ತೀರಿಕೊಂಡಳು. ದಯಾನಂದ ಹೋಗಿ ಉತ್ತರಕ್ರಿಯೆಯ ಬೊಜ್ಜ ಮುಗಿಸಿ, ತಲೆ ಬೋಳಿಸಿಕೊಂಡು ಬಂದ. ಅಕ್ಕು ರಾಯರ ಎದುರು ನಿಂತು, ಇನ್ನೇನು ಮಾಡುವುದು ಎಂದು ಕೇಳಿದಳು.

‘ಊರಲ್ಲಿ ಸತ್ತದ್ದು ಊರಲ್ಲಿ ಆಯ್ತು. ಇಲ್ಲಿ ಯಾಕೆ ಹೇಳುದು?’ ಎಂದರು ರಾಯರು. ‘ಕಾರ್ಡು ಸತ್ತಿಲ್ಲ ಅಲ್ವಾ?’

ಕಾರ್ಡು ಸಾಯಲಿಲ್ಲ. ಅದು ದಿನವೂ ಬೆಳಿಗ್ಗೆ ಏಳಕ್ಕೆ ಗೇಟಿನಲ್ಲಿ ಹಾಜರಾಯಿತು. ಅದಕ್ಕೆ ವರ್ಷಕ್ಕೊಮ್ಮೆ ಬಡ್ತಿ ಬಂತು, ದೀಪಾವಳಿಗೆ ಸಿಹಿ ಡಬ್ಬ ಬಂತು, ಇಪ್ಪತ್ತೈದು ವರ್ಷದ ನಿಷ್ಠೆಗೆಂದು ಬೆಳ್ಳಿಯ ನಾಣ್ಯ ಬಂತು. ನಾಣ್ಯ ಸುರಕ್ಷಿತವಾಗಿರಲೆಂದು ರಾಯರು ಇಟ್ಟುಕೊಂಡರು. ಪ್ರಫುಲ್ಲಾಳ ಬ್ಯಾಂಕ್ ಪುಸ್ತಕ, ಎಟಿಎಂ ಕಾರ್ಡುಗಳೂ ಹೀಗೆಯೇ ಸುರಕ್ಷಿತವಾಗಿ ಅವರ ಮೇಜಿನ ಖಾನೆಯಲ್ಲಿದ್ದವು. ತಿಂಗಳ ಏಳನೇ ತಾರೀಕು ರಾಯರು ಒಂದು ಲಕೋಟೆ ಕೊಡುತ್ತಿದ್ದರು. ಅದರಲ್ಲಿ ಹದಿಮೂರು ಸಾವಿರ ಇರುತ್ತಿತ್ತು. ‘ಉಳಿದದ್ದು ಕಟಿಂಗ್ ಆಗ್ತದೆ’ ಎಂದು ಅದಕ್ಕೆ ನಾಲ್ಕಾರು ಇಂಗ್ಲಿಷ್ ಹೆಸರು ಹೇಳುತ್ತಿದ್ದರು. ರಾಯರಿಗೆ ಮೂರು ಭಾಷೆ ಚೆನ್ನಾಗಿ ಬರುತ್ತಿತ್ತು. ಹೆಚ್ಚಿನ ಕೆಲಸ ಹೇಳುವಾಗ ತುಳು, ಬುದ್ಧಿ ಹೇಳುವಾಗ ಕನ್ನಡ, ದುಡ್ಡಿಲ್ಲ ಎನ್ನುವಾಗ ಇಂಗ್ಲಿಷ್.

ಸತ್ತವಳಿಗೆ ಖಾಯಂ ನೌಕರಿ. ಬದುಕಿದವಳು ಟೆಂಪರರಿ ಕೂಡ ಅಲ್ಲ.

ಹಾಗೆಂದು ಕೆಲಸಕ್ಕೆ ಕಡಿಮೆ ಇರಲಿಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಏಳುನೂರು ಇಡ್ಲಿ ಇಳಿಯಬೇಕು. ಹಬೆ ಪೆಟ್ಟಿಗೆಯ ಬಾಗಿಲು ತೆರೆದರೆ ಉಗಿ ಮೊದಲು ಮೊಣಕೈಯನ್ನು ಹುಡುಕುತ್ತದೆ. ಅಕ್ಕುವಿನ ಎರಡೂ ಕೈಗಳ ಒಳಮೈ ಸುಟ್ಟು ಮಾಗಿ, ಮತ್ತೆ ಸುಟ್ಟು ಮಾಗಿ, ಹಳೆಯ ದೋಸೆಕಾವಲಿಯ ಬಣ್ಣಕ್ಕೆ ಬಂದಿತ್ತು. ಇಡ್ಲಿ ಮುಗಿದರೆ ಸಾಂಬಾರಿನ ಹಂಡೆ. ಅದನ್ನು ತೊಳೆಯುವ ಹೊತ್ತಿಗೆ ಸೋಡಾ ಪುಡಿ, ಕುದಿನೀರು. ಆ ಪುಡಿ ಎಣ್ಣೆ ಜಿಡ್ಡನ್ನೂ ತೆಗೆಯುತ್ತದೆ, ಬೆರಳಿನ ಗೆರೆಯನ್ನೂ ತೆಗೆಯುತ್ತದೆ. ಪ್ರಫುಲ್ಲಾ ಹೋದ ಮೇಲೆ ಬಂದ ಬಾಗಿಲಿನ ಹಾಜರಿ ಯಂತ್ರಕ್ಕೆ ಅವಳ ನಂಬರಿನಲ್ಲಿ ಗೊತ್ತಿದ್ದದ್ದು ಅಕ್ಕುವಿನ ಹೆಬ್ಬೆರಳು; ಅದನ್ನು ಮೂರು ಸಲ ಒತ್ತಿದ ಮೇಲೆಯೇ ಒಪ್ಪುತ್ತಿತ್ತು. ಕೂರಲು ಕುರ್ಚಿ ಇರಲಿಲ್ಲ. ಕುರ್ಚಿ ಇಟ್ಟರೆ ಹೆಂಗಸರು ಕೂರುತ್ತಾರೆ ಎಂಬುದನ್ನು ರಾಯರು ಅನುಭವದಿಂದ ಕಂಡುಕೊಂಡಿದ್ದರು.

ಖಾಯಂ ಕಾರ್ಡಿನಿಂದ ಅಕ್ಕುವಿಗೆ ಒಂದೇ ಲಾಭವಿತ್ತು. ಕಂಪನಿಯ ಹೆಂಗಸರ ಪಾಯಖಾನೆಯ ಬಾಗಿಲು ಖಾಯಂ ಕಾರ್ಡು ತೋರಿಸಿದರೆ ಮಾತ್ರ ತೆರೆಯುತ್ತಿತ್ತು. ಹಳೆಯ ನಾಲ್ವರಲ್ಲಿ ಮಿಕ್ಕ ಮೂವರು ಆಗಲೇ ನಿವೃತ್ತರಾಗಿದ್ದರು. ಉಳಿದವರು ಬಿಸಿಲಿರಲಿ ಮಳೆಯಿರಲಿ ಗೇಟಿನವರೆಗೆ ನಡೆಯಬೇಕು, ಅಲ್ಲಿ ಲಾರಿ ಡ್ರೈವರುಗಳ ಹಿಂದೆ ನಿಲ್ಲಬೇಕು. ಅಕ್ಕು ಕಾರ್ಡನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದಳು. ಬೇಕಾದವರು ಒಯ್ಯುತ್ತಿದ್ದರು. ಹನ್ನೆರಡು ಹೆಂಗಸರೂ ಪ್ರಫುಲ್ಲಾಳ ಹೆಸರಿನಲ್ಲಿ ಹೋಗಿಬರುತ್ತಿದ್ದರು. ಒಮ್ಮೆ ಹೊಸ ಎಚ್‌ಆರ್ ಹುಡುಗ ಮನೀಶ ಕಂಪ್ಯೂಟರು ನೋಡಿ ಗಾಬರಿಯಾಗಿ ಬಂದಿದ್ದ. ‘ಪ್ರಫುಲ್ಲಾತಾಯಿ, ದಿನಕ್ಕೆ ಇಪ್ಪತ್ತಾರು ಸಲ! ಶುಗರ್ ಚೆಕ್ ಕರಾ ನಾ’ ಎಂದ. ಒಳ್ಳೆಯ ಹುಡುಗ. ಅದುವರೆಗೆ ಅವಳ ಮುಖವನ್ನು ಅವನು ನೋಡಿದ್ದು ಅದೊಂದೇ ಸಲ, ಅದೂ ಶುಗರಿಗಾಗಿ. ಕ್ಯಾಂಟೀನಿನಲ್ಲಿ ಯಾರೂ ಬಡಿಸುವವಳ ಮುಖ ನೋಡುವುದಿಲ್ಲ, ತಟ್ಟೆ ನೋಡುತ್ತಾರೆ.

ಪಾತ್ರೆ ತೊಳೆಯುವ ಚಂದ್ರಬಾಯಿ ಅವತ್ತು ಬಿದ್ದು ಬಿದ್ದು ನಕ್ಕಳು. ಅವಳು ಸಿಂದಗಿ ಕಡೆಯವಳು, ಕಳವಾ ಸ್ಟೇಷನ್ನಿನ ಹತ್ತಿರ ಮನೆ, ದಿನಗೂಲಿ. ಬಂದರೆ ಹಾಜರಿ, ಬಾರದಿದ್ದರೆ ಹೆಸರೂ ಇಲ್ಲ. ‘ಅಕ್ಕವ್ವಾ, ನಿಮ್ಮ ನಾದಿನಿ ಪುಣ್ಯವಂತಿ ನೋಡ್ರಿ’ ಎಂದಳು. ‘ಸತ್ತ ಮ್ಯಾಲೂ ಹನ್ನೆರಡ ಮಂದಿ ಹೊಟ್ಟಿ ಹಗುರ ಮಾಡಾಕತ್ತಾಳ.’

ಹೀಗೆ ನಡೆಯುತ್ತಿತ್ತು. ಒಂದು ಸೋಮವಾರ ಮನೀಶ ಒಂದು ಕಾಗದ ಹಿಡಿದು ನಗುನಗುತ್ತ ಅಡುಗೆಮನೆಗೆ ಬಂದ.

‘ತಾಯಿ, ಅಭಿನಂದನ್! ಈ ತಿಂಗಳು ನಿಮಗೆ ಐವತ್ತೆಂಟು. ಶುಕ್ರವಾರ ಸೆಂಡಾಫ್.’

ಅಕ್ಕುವಿಗೆ ನಲವತ್ತನಾಲ್ಕು. ಆದರೆ ಸತ್ತವಳಿಗೂ ವರ್ಷ ತುಂಬುತ್ತದೆ, ಕಂಪ್ಯೂಟರಿನಲ್ಲಿ.

ಮನೀಶ ಹೋದ ಮೇಲೆ ರಾಯರು ಅವಳನ್ನು ಕರೆದು ಎದುರಿನ ಸ್ಟೂಲಿನಲ್ಲಿ ಕೂರಿಸಿದರು. ಹದಿಮೂರು ವರ್ಷದಲ್ಲಿ ಮೊದಲ ಸಲ ಕೂರಿಸಿದ್ದು. ಅಲ್ಲಿಗೇ ಅಕ್ಕುವಿಗೆ ವಿಷಯ ದೊಡ್ಡದು ಎಂದು ಗೊತ್ತಾಯಿತು.

‘ಎಂತ ಹೆದರಿಕೆ ಇಲ್ಲ’ ಎಂದರು. ‘ಶುಕ್ರವಾರ ಒಳ್ಳೆ ಸೀರೆ ಉಟ್ಟು ಬಾ. ಶಾಲು ಹೊದಿಸ್ತಾರೆ, ಗಡಿಯಾರ ಕೊಡ್ತಾರೆ. ಎರಡು ಕಡೆ ಪ್ರಫುಲ್ಲಾ ಅಂತ ಸೈನು ಮಾಡು. ನಿನಗೆ ಅಭ್ಯಾಸ ಉಂಟಲ್ಲ. ಹಣ ಅವಳ ಖಾತೆಗೆ ಬರ್ತದೆ, ಅದರ ತಲೆಬಿಸಿ ನನಗಿರ್ಲಿ. ನಿನಗೆ ಸಂತೋಷಕ್ಕೆ ಅಂತ ಇಪ್ಪತ್ತೈದು ಸಾವಿರ ಕೊಡ್ತೇನೆ. ಸೋಮವಾರದಿಂದ ನೀನು ಅಕ್ಕು. ನಿನ್ನದೇ ಹೆಸರಲ್ಲಿ, ನನ್ನ ಹೊಸ ಕಂಪನಿಯಲ್ಲಿ. ಈ ಕಾಗದ ಓದಿ ಸೈನು ಮಾಡಿ ತಾ.’

‘ಖಾಯಮ್ಮಾ ರಾಯರೇ?’

ರಾಯರು ಪ್ರೀತಿಯಿಂದ ನಕ್ಕರು. ‘ಈಗ ಖಾಯಂ ಅಂತ ಯಾರಿದ್ದಾರೆ ಮಾರಾಯ್ತಿ? ನಾನೇ ಖಾಯಂ ಇಲ್ಲ. ನಾನು ವೆಂಡರ್.’

‘ನಾನು ಸೈನು ಮಾಡುದಿಲ್ಲ ಅಂದ್ರೆ?’

‘ಅಂದ್ರೆ ಎಂತ? ಇನ್ನೊಬ್ಬರ ಹೆಸರಲ್ಲಿ ಕೆಲಸ ಮಾಡುದು ಫ್ರಾಡ್ ಆಗ್ತದೆ. ಪೊಲೀಸ್ ಬರ್ತದೆ. ಸೈನು ಯಾರದು? ನಿನ್ನದು. ನನ್ನದು ಎಲ್ಲಿಯಾದ್ರೂ ಉಂಟಾ?’ ಎಂದರು. ಮತ್ತೆ ದನಿ ಇಳಿಸಿ, ‘ಮನೆಯವ್ರ ಹತ್ರ ಹೀಗೆಲ್ಲ ಮಾತಾಡಿಸ್ಬೇಡ ನನ್ನನ್ನು’ ಎಂದು ಬೇಸರಪಟ್ಟರು.

ಎರಡೂ ಕಾಗದ ಚೀಲಕ್ಕೆ ಹಾಕಿಕೊಂಡು ಅಕ್ಕು ಮನೆಗೆ ಬಂದಳು. ಒಂದು ಮನೀಶ ಕೊಟ್ಟದ್ದು, ಒಂದು ರಾಯರು ಕೊಟ್ಟದ್ದು. ಓದಬೇಕಾದವಳು ಮಗಳು ಪ್ರೇಕ್ಷಾ. ಅವಳು ಒಂದು ಮೊಬೈಲು ಆ್ಯಪಿನವರಿಗಾಗಿ ಠಾಣೆಯ ದೊಡ್ಡ ಕಟ್ಟಡಗಳಲ್ಲಿ ಮನೆಮನೆಗೆ ಹೋಗಿ ಫೇಶಿಯಲ್, ವ್ಯಾಕ್ಸಿಂಗ್ ಮಾಡುವವಳು. ಆ ಕಂಪನಿ ಅವಳನ್ನು ನೌಕರಳೆಂದು ಕರೆಯುವುದಿಲ್ಲ, ಪಾರ್ಟ್‌ನರ್ ಎನ್ನುತ್ತದೆ. ಪೆಟ್ಟಿಗೆ ಅವಳದು, ಕ್ರೀಮು ಅವಳದು, ರಿಕ್ಷಾ ಬಾಡಿಗೆ ಅವಳದು, ಗಿರಾಕಿ ಸಿಡುಕಿ ಎರಡು ನಕ್ಷತ್ರ ಕೊಟ್ಟರೆ ದಂಡ ಅವಳದು. ಉಳಿದದ್ದರಲ್ಲಿ ಕಂಪನಿ ಪಾರ್ಟ್‌ನರು. ದಯಾನಂದ ಡೊಂಬಿವಲಿಯ ಮದುವೆ ಹಾಲುಗಳಲ್ಲಿ ಬಡಿಸುವವನು. ಅವನ ಕೆಲಸ ಪಂಚಾಂಗದ ಮೇಲೆ ನಿಂತಿತ್ತು. ಮುಹೂರ್ತ ಇದ್ದ ದಿನ ನೌಕರ, ಇಲ್ಲದ ದಿನ ಮನೆಯ ಯಜಮಾನ. ಆಷಾಢದಲ್ಲಿ ತಿಂಗಳಿಡೀ ಯಜಮಾನ. ಒಂದೇ ಕೋಣೆಯಲ್ಲಿ ಮೂವರು ದುಡಿಯುವವರು. ಮೂವರಲ್ಲಿ ಒಬ್ಬರನ್ನಾದರೂ ಯಾರಾದರೂ ಕೆಲಸಕ್ಕೆ ಇಟ್ಟುಕೊಂಡಿದ್ದಾರೆಂದು ತೋರಿಸುವ ಒಂದು ಚೂರು ಕಾಗದ ಆ ಮನೆಯಲ್ಲಿ ಇರಲಿಲ್ಲ.

ಪ್ರೇಕ್ಷಾ ಮೊದಲು ಮನೀಶನ ಕಾಗದ ಓದಿದಳು.

‘ಮಮ್ಮಿ, ನಿಂಗೆ ಪಗಾರ್ ಎಷ್ಟು ಕೊಡ್ತಾರೆ ಅವರು?’

‘ಹದಿಮೂರು. ಕಟಿಂಗ್ ಹೋಗಿ.’

‘ಇಲ್ಲಿ ಎಲ್ಲ ಕಟಿಂಗ್ ಹೋಗಿ ಚೌತೀಸ್ ಹಜಾರ್ ಛೇ ಸೌ ಬರೆದಿದೆ. ಮೂವತ್ತನಾಲ್ಕು ಸಾವಿರದ ಆರುನೂರು. ಇನ್ ಹ್ಯಾಂಡ್.’

‘ಯಾರ ಹ್ಯಾಂಡ್?’ ಎಂದಳು ಅಕ್ಕು.

ದಯಾನಂದ ಎದ್ದು ನೀರಿನ ಡ್ರಮ್ಮಿನ ಮುಚ್ಚಳ ಸರಿ ಮಾಡಿದ. ಅದು ಸರಿಯಾಗಿಯೇ ಇತ್ತು. ಅಕ್ಕು ಗಂಡನ ಬೆನ್ನು ನೋಡಿದಳು. ಇಪ್ಪತ್ತೈದು ವರ್ಷ ನೋಡಿದ ಬೆನ್ನು. ಅದು ಸುಳ್ಳು ಹೇಳುವಾಗ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು.

‘ನಿಮಗೆ ಗೊತ್ತುಂಟು’ ಎಂದಳು.

‘ಇಷ್ಟು ಅಂತ ಗೊತ್ತಿರ್ಲಿಲ್ಲ ಅಕ್ಕೂ’ ಎಂದ ದಯಾನಂದ ಗೋಡೆಯ ಕಡೆ ತಿರುಗಿಯೇ. ‘ಇಪ್ಪತ್ತರ ಮೇಲೆ ಇರಬಹುದು ಅಂತ ಇತ್ತು. ನನಗೆ ಮದುವೆ ಹಾಲಿನ ಕೆಲಸ ಕೊಡಿಸುದು ರಾಯರೇ ಅಲ್ವಾ. ಹೇಗೆ ಕೇಳುದು?’

‘ಬಾಯಲ್ಲಿ ಕೇಳುದು’ ಎಂದಳು ಅಕ್ಕು.

ಪ್ರೇಕ್ಷಾ ಎರಡನೆಯ ಕಾಗದ ತೆಗೆದಳು. ಇಂಗ್ಲಿಷಿನಲ್ಲಿ ಓದಿ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳುತ್ತ ಹೋದಳು. ಹುದ್ದೆ: ಕಿಚನ್ ಟ್ರೈನಿ. ಅವಧಿ: ಹನ್ನೊಂದು ತಿಂಗಳು. ಇದು ನೌಕರಿ ಅಲ್ಲ, ಕಲಿಕೆ. ಆದ್ದರಿಂದ ಸಂಬಳ ಇಲ್ಲ, ತಿಂಗಳಿಗೆ ಒಂಬತ್ತು ಸಾವಿರ ವಿದ್ಯಾರ್ಥಿವೇತನ. ಈ ಅವಧಿಯಲ್ಲಿ ಅಭ್ಯರ್ಥಿಗೆ ಇಡ್ಲಿ, ದೋಸೆ ಮುಂತಾದ ದಕ್ಷಿಣ ಭಾರತದ ತಿಂಡಿಗಳನ್ನು ಮಾಡಲು ಕಲಿಸಲಾಗುವುದು. ಕಲಿಕೆ ತೃಪ್ತಿಕರವಾಗದಿದ್ದರೆ ಯಾವಾಗ ಬೇಕಾದರೂ ತೆಗೆಯಬಹುದು.

‘ಮತ್ತೆ ಇಲ್ಲಿ ಎಕ್ಸ್‌ಪೀರಿಯೆನ್ಸ್ ಅಂತ ಇದೆ, ಮಮ್ಮಿ. ಅನುಭವ.’

‘ಎಷ್ಟು ಬರ್ದಿದ್ದಾರೆ?’

‘ನಿಲ್.’

‘ಅಂದ್ರೆ?’

‘ಅಂದ್ರೆ, ಕುಛ್ ನಹೀ. ಏನೂ ಇಲ್ಲ.’

ಅಕ್ಕು ಕಾಗದವನ್ನು ಇಸಿದುಕೊಂಡಳು. ಓದಲು ಬಾರದಿದ್ದರೂ ಆ ಶಬ್ದ ಎಲ್ಲಿದೆ ಎಂದು ಕೇಳಿ ಅದರ ಮೇಲೆ ಬೆರಳಿಟ್ಟು ನೋಡಿದಳು. ಸಣ್ಣ ಶಬ್ದ. ಮೂರೇ ಅಕ್ಷರ. ಅವಳು ಈ ವರೆಗೆ ರಾಯರ ನಾಲ್ಕು ಮುಖ್ಯ ಅಡುಗೆಯವರಿಗೆ ಹಿಟ್ಟಿನ ಹದ ಕಲಿಸಿದ್ದಳು. ಅವರಲ್ಲಿ ಒಬ್ಬ ಈಗ ವಾಶಿಯಲ್ಲಿ ತನ್ನದೇ ಹೋಟೆಲು ಹಾಕಿ ಗಲ್ಲೆಯಲ್ಲಿ ಕೂತಿದ್ದ.

‘ಅಕ್ಕೂ, ಇಪ್ಪತ್ತೈದು ಸಾವಿರ ಸುಮ್ಮನೆ ಬರ್ತದೆ’ ಎಂದ ದಯಾನಂದ. ‘ಕೆಲಸವೂ ಇರ್ತದೆ. ಪೊಲೀಸ್ ಕೇಸ್ ಆದ್ರೆ ಬಿಡಿಸ್ಲಿಕ್ಕೆ ಯಾರು ಬರ್ತಾರೆ ನಮಗೆ?’

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅಕ್ಕುವಿಗೆ ಕಷ್ಟವಾದದ್ದು. ಸೈನು ಮಾಡಿದರೆ ಒಂಬತ್ತು ಸಾವಿರದ ಕೆಲಸ ಉಳಿಯುತ್ತದೆ, ಹದಿಮೂರು ವರ್ಷ ಹೋಗುತ್ತದೆ. ಮಾಡದಿದ್ದರೆ ಎರಡೂ ಹೋಗುತ್ತವೆ, ಮೇಲೆ ಪೊಲೀಸು. ನಾಲ್ಕು ದಿನ ಅವಳು ಇದನ್ನೇ ಹಿಟ್ಟಿನ ಜೊತೆ ರುಬ್ಬಿದಳು. ಅದು ನುಣ್ಣಗಾಗಲಿಲ್ಲ.

ನಡುವೆ ಒಂದು ದಿನ ಯೂನಿಯನ್ನಿನ ರಮಾಕಾಂತ ಚಹಾಕ್ಕೆ ಬಂದಾಗ, ಬೇರೆ ಯಾರದೋ ಕಥೆ ಎಂಬಂತೆ ಅವನ ಹತ್ತಿರ ಕೇಳಿದಳು. ಅವನು ಖಾಯಂ ಕಾರ್ಮಿಕರ ಧುರೀಣ. ಕೇಳಿ ತುಂಬ ಮರುಗಿದ. ‘ಫಾರ್ ಅನ್ಯಾಯ ಆಹೆ’, ಬಹಳ ಅನ್ಯಾಯ, ಎಂದ. ಆಮೇಲೆ, ಕ್ಯಾಂಟೀನಿನ ಪ್ರಶ್ನೆ ಯೂನಿಯನ್ನಿನ ಹದ್ದಿನಲ್ಲಿ ಬರುವುದಿಲ್ಲ ಎಂದು ವಿವರಿಸಿ, ಇನ್ನೊಂದು ವಡೆ ಹಾಕಿಸಿಕೊಂಡ. ವಡೆ ಹದ್ದಿನೊಳಗಿತ್ತು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಊಟದ ಹಾಲಿನಲ್ಲಿ ಕಾರ್ಯಕ್ರಮ. ಬೀಳ್ಕೊಡುಗೆ ಅಕ್ಕುವಿನದಾದರೂ ಅದಕ್ಕೆ ಬೇಕಾದ ಇನ್ನೂರು ಸಮೋಸ, ಶೀರಾ ಅವಳೇ ಮಾಡಬೇಕಾಗಿತ್ತು. ಬೆಳಿಗ್ಗೆಯಿಂದ ನಿಂತಿದ್ದಳು. ಎರಡೂವರೆಗೆ ಎಪ್ರನ್ ಬಿಚ್ಚಿ, ಚೀಲದಲ್ಲಿ ತಂದ ಹಸಿರು ಸೀರೆಯನ್ನು ಅಕ್ಕಿ ಮೂಟೆಗಳ ಹಿಂದೆ ಉಟ್ಟುಕೊಂಡಳು. ಚಂದ್ರಬಾಯಿ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿ ನೆರಿಗೆ ಹಿಡಿದಳು.

‘ಏನ ಮಾಡವ್ರ ಇದ್ದೀರಿ ಅಕ್ಕವ್ವಾ?’

‘ನನಗೇ ಗೊತ್ತಿಲ್ಲ.’

‘ನಂಗ ಕೇಳಿದ್ರ, ಶಾಲ ತಗೋರಿ, ಗಡಿಯಾರ ತಗೋರಿ, ಆ ರಾಯಪ್ಪನ ತಲಿಮ್ಯಾಲ ಕುಟ್ರಿ. ಗಡಿಯಾರ ಗಟ್ಟಿ ಐತಿ, ನೋಡೇನಿ ನಾ.’

ಹಾಲಿನ ಗೋಡೆಗೆ ಬ್ಯಾನರು ಕಟ್ಟಿದ್ದರು. ಅದರಲ್ಲಿ ಪ್ರಫುಲ್ಲಾಳ ಹಳೆಯ ಫೋಟೋ, ದೊಡ್ಡದು ಮಾಡಿ ಹಾಕಿದ್ದು. ಫೋಟೋದ ಕೆಳಗೆ ಹೂವಿನ ಹಾರ ಇಳಿಬಿಟ್ಟಿದ್ದರು. ಯಾರಿಗೂ ಗೊತ್ತಿಲ್ಲದೆಯೇ ಅವರು ಅಷ್ಟೊಂದು ಸರಿಯಾದ ಕೆಲಸ ಮಾಡಿದ್ದರು. ಪ್ಲಾಂಟಿನ ದೊಡ್ಡ ಸಾಹೇಬರು ಬಂದು ಕೂತರು. ರಮಾಕಾಂತ ಮೈಕು ಹಿಡಿದು, ಪ್ರಫುಲ್ಲಾತಾಯಿ ಇಪ್ಪತ್ತಾರು ವರ್ಷ ತಾಯಿಯಂತೆ ನಮಗೆ ಉಣಿಸಿದರು, ಅವರ ಕೈರುಚಿಯನ್ನು ಮರೆಯಲಾರೆವು ಎಂದ. ಹದಿಮೂರನೆಯ ವರ್ಷದಲ್ಲಿ ಕೈ ಬದಲಾದದ್ದು ಅವನ ನಾಲಿಗೆಗೆ ತಿಳಿದಿರಲಿಲ್ಲ.

ಸಾಹೇಬರು ಮಾತಾಡಿದರು. ಕಂಪನಿ ಒಂದು ಕುಟುಂಬ ಎಂದರು. ಚಪ್ಪಾಳೆ ಬಿತ್ತು. ಈ ಕುಟುಂಬದವರನ್ನು ಹನ್ನೊಂದು ತಿಂಗಳಿಗೊಮ್ಮೆ ಹೊರಗೆ ಹಾಕಿ ಮತ್ತೆ ಕರೆದುಕೊಳ್ಳುವ ಕ್ರಮವಿದೆ ಎಂಬುದನ್ನು ಹೇಳಲು ಅವರಿಗೆ ಸಮಯವಿರಲಿಲ್ಲ.

‘ಪ್ರಫುಲ್ಲಾತಾಯಿ!’ ಎಂದು ಮನೀಶ ಕರೆದ.

ಅಕ್ಕು ಹೋದಳು. ರಾಯರು ಮೊದಲ ಸಾಲಿನಲ್ಲಿ ಕೂತು, ಹೆಣ್ಣು ಒಪ್ಪಿಸಿಕೊಡುವ ತಂದೆಯಂತೆ ಮೆಲ್ಲಗೆ ತಲೆಯಾಡಿಸಿದರು. ಸಾಹೇಬರು ಶಾಲು ಬಿಡಿಸಿ ಎತ್ತಿದರು. ಶಾಲು ಹೊದಿಸಿಕೊಳ್ಳುವವರು ಸ್ವಲ್ಪ ಬಾಗಬೇಕು. ಅದು ಕ್ರಮ. ಅಕ್ಕು ಬಾಗಲಿಲ್ಲ. ಸಾಹೇಬರ ಕೈ ಗಾಳಿಯಲ್ಲಿ ನಿಂತಿತು.

‘ಸಾಬ್’ ಎಂದಳು ತನಗೆ ಬರುವ ಹಿಂದಿಯಲ್ಲಿ. ‘ಪ್ರಫುಲ್ಲಾ ಮರ್ ಗಯೀ. ಸಾತ್ ಸಾಲ್ ಹೋ ಗಯಾ. ಶಾಲ್ ಕಿಸ್ಕೊ ದೇತಾ ಹೈ?’ ಪ್ರಫುಲ್ಲಾ ಸತ್ತು ಏಳು ವರ್ಷ, ಶಾಲು ಯಾರಿಗೆ ಎಂದು ಕೇಳಿದ್ದಳು.

ಎಲ್ಲರೂ ನಕ್ಕರು. ಚಪ್ಪಾಳೆಯೂ ಬಿತ್ತು. ನಿವೃತ್ತಿಯ ದುಃಖದಲ್ಲಿ ತಾಯಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡರು. ಬಡವರು ನಿಜ ಹೇಳಿದರೆ ಕೆಲವೊಮ್ಮೆ ಹೀಗೂ ಆಗುತ್ತದೆ. ಸಾಹೇಬರು ಕೂಡ ನಕ್ಕು, ‘ವೆರಿ ಗುಡ್’ ಎಂದರು.

ಅಕ್ಕು ಸಾಹೇಬರನ್ನು ಅಲ್ಲಿಯೇ ಬಿಟ್ಟು ಬಾಗಿಲ ಬಳಿಯ ಹಾಜರಿ ಯಂತ್ರದ ಹತ್ತಿರ ಹೋದಳು. ಹೆಬ್ಬೆರಳು ಒತ್ತಿದಳು. ‘ಪ್ಲೀಸ್ ಟ್ರೈ ಅಗೇನ್’ ಎಂದಿತು ಯಂತ್ರ. ಮತ್ತೆ ಒತ್ತಿದಳು. ‘ಪ್ಲೀಸ್ ಟ್ರೈ ಅಗೇನ್.’ ಬೆರಳನ್ನು ಸೀರೆಗೆ ಒರೆಸಿ ಮೂರನೇ ಸಲ ಒತ್ತಿದಳು. ‘ಥ್ಯಾಂಕ್ ಯು’ ಎಂದು ಪರದೆಯ ಮೇಲೆ ಪ್ರಫುಲ್ಲಾಳ ಹೆಸರು ತೋರಿಸಿತು. ನಗು ನಿಧಾನವಾಗಿ ಹಿಂದಿನ ಸಾಲಿನಿಂದ ಆರತೊಡಗಿತು.

‘ಯೇ ಉಂಗಲೀ ಮೇರಾ ಹೈ’ ಎಂದಳು ಅಕ್ಕು ಬೆರಳೆತ್ತಿ. ‘ಮೇರಾ ನಾಮ್ ಅಕ್ಕು. ಪ್ರಫುಲ್ಲಾ ನನ್ನ ಗಂಡನ ಅಕ್ಕ. ಹದಿಮೂರು ವರ್ಷ ನೀವು ತಿಂದ ಇಡ್ಲಿ ನಾನು ಮಾಡಿದ್ದು. ಅವಳ ಪಗಾರ ಮೂವತ್ತನಾಲ್ಕು ಸಾವಿರ. ನನಗೆ ಹದಿಮೂರು. ಉಳಿದದ್ದು ಎಲ್ಲಿ ಹೋಗ್ತದೆ ಅಂತ ಆ ಮುಂದಿನ ಕುರ್ಚಿಯವ್ರನ್ನು ಕೇಳಿ.’

ಕೊನೆಗೆ ಅವಳು ಕನ್ನಡದಲ್ಲೇ ಮಾತಾಡಿದ್ದಳು. ಆದರೂ ಎಲ್ಲರೂ ಮುಂದಿನ ಕುರ್ಚಿಯನ್ನೇ ನೋಡಿದರು. ರಾಯರು ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಹತ್ತು ನಿಮಿಷದಲ್ಲಿ ಅವಳನ್ನು ಎಚ್‌ಆರ್ ಕೋಣೆಗೆ ಕರೆದೊಯ್ದರು. ರಾಯರು ಅಷ್ಟರಲ್ಲಿ ಸುಧಾರಿಸಿಕೊಂಡಿದ್ದರು. ‘ನನಗೆ ಎಂತ ಗೊತ್ತಿಲ್ಲ ಸರ್’ ಎಂದು ಕೈಮುಗಿದರು. ‘ಕಾರ್ಡಲ್ಲಿ ಪ್ರಫುಲ್ಲಾ ಅಂತ ಇತ್ತು, ನಾನೂ ಪ್ರಫುಲ್ಲಾ ಅಂತಲೇ ನಂಬಿದ್ದು. ನನಗೇ ಮೋಸ ಆಯ್ತು.’ ಸಾಕ್ಷಿಗೆಂದು ಅಡುಗೆಯವರನ್ನು ಕರೆಸಿದರು. ಅಡುಗೆಯವರಿಗೆ ಏನೂ ಗೊತ್ತಿರಲಿಲ್ಲ. ಬಡಿಸುವವರಿಗೆ ನೆನಪಿರಲಿಲ್ಲ. ಅವರಿಗೂ ಮಕ್ಕಳಿದ್ದಾರೆ. ಅಕ್ಕು ಅವರ ಮೇಲೆ ಸಿಟ್ಟಾಗಲಿಲ್ಲ. ಏಳು ದಿನದ ಹಿಂದೆ ಕೇಳಿದ್ದರೆ ತಾನೂ ಹಾಗೆಯೇ ಹೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಯಾರೂ ಕರೆಯದೆ ಒಳಗೆ ಬಂದವಳು ಚಂದ್ರಬಾಯಿ. ಮೊಣಕೈವರೆಗೆ ಸೋಪಿನ ನೊರೆ. ಕಂಪನಿಯ ನೆಲಹಾಸಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

‘ನಾ ಹೇಳ್ತೀನ್ರಿ’ ಎಂದಳು. ‘ಈಕಿ ಅಕ್ಕು. ರಾಯರು ಅಡುಗಿಮನ್ಯಾಗ ಅಕ್ಕು ಅಂತನ ಕರೀತಾರ, ನೀವು ಬಂದಾಗ ಮಾತ್ರ ಪ್ರಫುಲ್ಲಾ ಅಂತಾರ. ಏಳನೇ ತಾರೀಖ ಲಕೋಟಿ ಕೊಡೂದು ನನ್ನ ಕಣ್ಣಾರೆ ನೋಡೇನಿ. ಬ್ಯಾಂಕಿನ ಕಾರ್ಡು ಅವರ ಮೇಜಿನ ಎರಡನೇ ಖಾನ್ಯಾಗ ಐತಿ, ಊದಿನಕಡ್ಡಿ ಪಾಕೀಟಿನ ಕೆಳಗ. ಹೋಗಿ ನೋಡ್ರಿ.’

‘ಚಂದ್ರಬಾಯಿ, ನೀನು ನಾಳೆಯಿಂದ ಬರ್ಬೇಡ’ ಎಂದರು ರಾಯರು.

‘ನಿನ್ನಿ ಬಂದಿದ್ನಿ ಅಂತ ಎಲ್ಲಿ ಬರದೀರಿ, ನಾಳಿ ಬರಬ್ಯಾಡ ಅನ್ನಾಕ?’ ಎಂದಳು ಚಂದ್ರಬಾಯಿ.

ಮನೀಶ ಹೋಗಿ ಖಾನೆ ತೆರೆದ. ಊದಿನಕಡ್ಡಿ ಪಾಕೀಟಿನ ಕೆಳಗೆ ಒಂದಲ್ಲ, ಐದು ಬ್ಯಾಂಕ್ ಕಾರ್ಡುಗಳಿದ್ದವು. ಹೆಡ್ ಆಫೀಸಿಗೆ ಫೋನು ಹೋಯಿತು. ಅರ್ಧ ಗಂಟೆ ಬಾಗಿಲು ಮುಚ್ಚಿಕೊಂಡು ಮಾತು ನಡೆಯಿತು. ಪೊಲೀಸರನ್ನು ಕರೆಯುವುದು ಬೇಡ ಎಂದು ತೀರ್ಮಾನವಾಯಿತು. ಅಕ್ಕುವಿನ ಮೇಲಿನ ಕನಿಕರದಿಂದಲ್ಲ. ಸತ್ತವಳಿಗೆ ಏಳು ವರ್ಷ ಬಡ್ತಿ ಕೊಟ್ಟವರು, ನಿಷ್ಠೆಗೆ ಬೆಳ್ಳಿ ನಾಣ್ಯ ಕೊಟ್ಟವರು ಯಾರ್ಯಾರೆಂದು ಪೊಲೀಸರು ಕೇಳಿದರೆ ದೊಡ್ಡ ದೊಡ್ಡ ಸೈನುಗಳು ಹೊರಬರುತ್ತಿದ್ದವು. ಖಾಯಂ ನೌಕರರಿಗೆ ಖಾಯಂ ಭಯವೂ ಇರುತ್ತದೆ.

ಮನೀಶ ಹೊಸ ಕಾಗದವೊಂದನ್ನು ಬರೆಸಿ ತಂದ. ತಾನು ಈ ಕಂಪನಿಯಲ್ಲಿ ಎಂದೂ ಕೆಲಸ ಮಾಡಿಲ್ಲ, ಕಂಪನಿಯಿಂದ ತನಗೆ ಏನೂ ಬರಬೇಕಾಗಿಲ್ಲ ಎಂದು ಅಕ್ಕು ಒಪ್ಪಿ ಸೈನು ಮಾಡಬೇಕು. ಮಾಡಿದರೆ ಐವತ್ತು ಸಾವಿರ, ಮಾನವೀಯ ದೃಷ್ಟಿಯಿಂದ.

‘ಸೈನ್ ಕರೋ ತಾಯಿ’ ಎಂದ. ಅವನ ದನಿಯಲ್ಲಿ ನಿಜವಾಗಿಯೂ ಮರುಕವಿತ್ತು. ‘ಇದಕ್ಕಿಂತ ಜಾಸ್ತಿ ಸಿಗಲ್ಲ.’

ಅಕ್ಕು ಮೇಜಿನ ಮೇಲೆ ಎರಡೂ ಕೈಗಳನ್ನು ಅಂಗಾತ ಚಾಚಿದಳು. ಸುಟ್ಟ ಒಳಮೈ ಮೇಲಾಗಿತ್ತು.

‘ಇದು ಎಲ್ಲಿ ಸುಟ್ಟದ್ದು ಅಂತ ಬರೀತಿ ಮಗಾ? ಅದನ್ನು ಮೊದಲು ಬರೆ. ಆಮೇಲೆ ಸೈನು ಮಾಡ್ತೇನೆ.’

ಮನೀಶ ಬರೆಯಲಿಲ್ಲ. ಅವಳೂ ಸೈನು ಮಾಡಲಿಲ್ಲ. ಸೆಕ್ಯುರಿಟಿಯವನು ಗೇಟಿನವರೆಗೆ ಬಂದು ಕಾರ್ಡು ಇಸಿದುಕೊಂಡ. ಕಾರ್ಡಿನ ಮೇಲೆ ಹಿಟ್ಟು ಒಣಗಿತ್ತು. ಅದನ್ನು ಉಗುರಿನಿಂದ ಕೆರೆದು ಜೇಬಿಗೆ ಹಾಕಿಕೊಂಡ.

ಇದಾಗಿ ಎಂಟು ತಿಂಗಳು. ರಾಯರ ಗುತ್ತಿಗೆ ಮುಂದುವರಿದಿದೆ. ಊಟ ನಿಲ್ಲಬಾರದಲ್ಲ ಎಂದು ಕಂಪನಿ ಹೇಳಿತು. ಉಳಿದ ನಾಲ್ಕು ಬ್ಯಾಂಕ್ ಕಾರ್ಡುಗಳು ಯಾರವು ಎಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಪ್ರಫುಲ್ಲಾಳ ಗ್ರಾಚ್ಯುಟಿ ಪ್ರಫುಲ್ಲಾಳಿಗೂ ಇಲ್ಲ, ಅಕ್ಕುವಿಗೂ ಇಲ್ಲ. ಪ್ರಫುಲ್ಲಾ ವಾರಸುದಾರಳೆಂದು ಬರೆಸಿದ್ದ ತಾಯಿ ಅವಳಿಗಿಂತ ಮೊದಲೇ ಸತ್ತಿದ್ದಳು. ಪ್ರೇಕ್ಷಾ ಅರ್ಜಿ ಬರೆದು ಅಮ್ಮನನ್ನು ಠಾಣೆಯ ಲೇಬರ್ ಆಫೀಸಿಗೆ ಕರೆದುಕೊಂಡು ಹೋದಳು. ಮೂರು ಸಲ ತಾರೀಕು ಬಿದ್ದಿದೆ, ಮೂರು ಸಲವೂ ಕಂಪನಿಯ ವಕೀಲರಿಗೆ ಹುಷಾರಿರಲಿಲ್ಲ. ಆ ವಕೀಲರ ಆರೋಗ್ಯದ ಬಗ್ಗೆ ಅಕ್ಕುವಿಗೆ ಈಗ ಚಿಂತೆಯಾಗಿದೆ. ದಯಾನಂದನಿಗೆ ಮದುವೆ ಹಾಲುಗಳಿಂದ ಕರೆ ಬರುವುದು ನಿಂತಿತು. ಅವನೀಗ ಉಲ್ಹಾಸನಗರದಲ್ಲಿ ಒಂದು ಜೀನ್ಸ್ ಕಾರ್ಖಾನೆಯಲ್ಲಿ ನೂಲು ಕತ್ತರಿಸುತ್ತಾನೆ. ಪ್ಯಾಂಟಿಗೆ ಇಷ್ಟೆಂದು ಲೆಕ್ಕ. ಮೊದಲ ವಾರ ಮಾತಾಡದೆ ದುಡ್ಡು ತಂದು ಹೆಂಡತಿಯ ಮುಂದಿಟ್ಟ. ಅಕ್ಕು ಮಾತಾಡದೆ ತೆಗೆದುಕೊಂಡಳು. ಅವರಿಬ್ಬರ ನಡುವೆ ಕ್ಷಮೆ ಕೇಳುವುದು, ಕೊಡುವುದು ಅಷ್ಟರಲ್ಲೇ ಮುಗಿಯಿತು.

ಕಳೆದ ಭಾನುವಾರ ಚಂದ್ರಬಾಯಿ ದಿವಾಕ್ಕೆ ಬಂದಿದ್ದಳು. ಲೇಬರ್ ಆಫೀಸಿನವರು ಒಂದು ದಿನ ಬಂದು ಹೋಗುತ್ತಾರೆಂದು ಸುದ್ದಿ ಹಬ್ಬಿದ್ದೇ ತಡ, ಕಂಪನಿ ರಾಯರಿಗೆ ಗದರಿಸಿ ಕ್ಯಾಂಟೀನಿನ ಹನ್ನೊಂದು ಹೆಂಗಸರಿಗೂ ನೇಮಕದ ಕಾಗದ ಕೊಡಿಸಿತ್ತು. ಸೆಂಡಾಫಿನ ಮರುದಿನವೇ ಬಾಗಿಲಿಂದ ಹೊರಗೆ ಹಾಕಿದ್ದ ಚಂದ್ರಬಾಯಿಯನ್ನೂ ಮನೆಗೆ ಜನ ಕಳಿಸಿ ಕರೆಸಿಕೊಂಡಿದ್ದರು. ಸಾಕ್ಷಿ ಹೊರಗಿರುವುದಕ್ಕಿಂತ ಒಳಗಿರುವುದು ಒಳ್ಳೆಯದು. ಅವಳು ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದಳು. ಪ್ರೇಕ್ಷಾ ಓದಿ ಹೇಳಿದಳು: ಹೆಸರು ಚಂದ್ರಬಾಯಿ, ಸಂಬಳ ಹದಿನಾರು ಸಾವಿರ, ಪಿಎಫ್ ಇದೆ, ವಾರಕ್ಕೊಂದು ರಜೆ, ಹನ್ನೊಂದು ತಿಂಗಳು.

‘ಹನ್ನೊಂದ ತಿಂಗಳಾದ ಮ್ಯಾಲ?’

‘ಪತಾ ನಹೀ ಮೌಶಿ, ಗೊತ್ತಿಲ್ಲ.’

‘ಇರ್ಲಿ ಬಿಡು. ಹನ್ನೊಂದ ತಿಂಗಳ ಮ್ಯಾಲ ಹನ್ನೊಂದ ಮಂದಿ ಕೂಡಿ ಕೇಳ್ತೀವಿ’ ಎಂದಳು ಚಂದ್ರಬಾಯಿ. ‘ನಿಮ್ಮ ಹೆಸರ ಇದರಾಗ ಇಲ್ಲಲ್ಲ ಅಕ್ಕವ್ವಾ, ಅದ ನಂಗ ಹೊಟ್ಟ್ಯಾಗ ಉರೀತೈತಿ.’

ಅಕ್ಕು ಅವಳಿಗೆ ಚಹಾ ಕೊಟ್ಟಳು. ಅಕ್ಕು ಈಗ ಡೊಂಬಿವಲಿ ಪೂರ್ವದಲ್ಲಿ ಒಂದು ಮೆಸ್ಸಿನಲ್ಲಿ ಅಡುಗೆ ಮಾಡುತ್ತಾಳೆ. ದಿನಕ್ಕೆ ಐನೂರು. ಕಾಗದ ಇಲ್ಲ.

ಅಕ್ಕು ಕಳೆದುಕೊಂಡದ್ದು ಹದಿಮೂರು ವರ್ಷದ ಕೆಲಸ, ರಾಯರು ಕೊಡುತ್ತಿದ್ದ ಇಪ್ಪತ್ತೈದು ಸಾವಿರ, ಮನೀಶ ಕೊಡುತ್ತಿದ್ದ ಐವತ್ತು ಸಾವಿರ. ಅವಳಿಗೆ ಸಿಕ್ಕಿದ್ದು ಲೇಬರ್ ಆಫೀಸಿನ ಒಂದು ರಸೀತಿ. ಉಳಿದ ಹನ್ನೊಂದು ಹೆಂಗಸರಿಗೆ ತಿಂಗಳಿಗೆ ಹದಿನಾರು ಸಾವಿರ ಸಿಕ್ಕಿತು.